ಅಟ್ಟಕ್ಕೇರಿಸಿದ ಲೆಕ್ಕದ ಪುಸ್ತಕ

2024ರ ಏಪ್ರಿಲ್ 16ರಂದು ಎಮಿರೇಟ್ಸಿನ ಮೇಲೆ ಸುರಿದ ಮಳೆಯು, 1949ರಲ್ಲಿ ದಾಖಲೆ ಇಡತೊಡಗಿದಂದಿನಿಂದ ಅಂತಹದು ಬಂದಿರಲಿಲ್ಲವೆಂದು ಇಲ್ಲಿಯ ಹವಾಮಾನ ಕೇಂದ್ರವೇ ಸಾರಿದ ಆ ಮಹಾವೃಷ್ಟಿಯು, ದುಬೈಯಲ್ಲಿರುವ ನಮ್ಮ ಅಲ್ ಬರ್ಷಾದ ಬೀದಿಗಳನ್ನು ತೋಡುಗಳನ್ನಾಗಿಸಿ, ಶೇಖ್ ಜಾಯೆದ್ ರಸ್ತೆಯಲ್ಲಿ ವಾಹನಗಳನ್ನು ಬಿಟ್ಟು ಜನರು ನಡೆದುಹೋಗುವಂತೆ ಮಾಡಿ, ಆಗ ಒಂದು ಬ್ಯಾಂಕಿನ ಹೆಸರನ್ನೇ ಹೊತ್ತಿದ್ದ ಮಶ್ರೆಕ್ ಮೆಟ್ರೋ ನಿಲ್ದಾಣವನ್ನು ವಾರಗಟ್ಟಲೆ ಮುಚ್ಚಿಸಿತು. ನೇತ್ರಾವತಿಯ ತೀರದಿಂದ ಬಂದು ಇಲ್ಲಿ ನೆಲಸಿರುವ ನಮ್ಮವರಿಗೆ ನೆರೆ ಹೊಸದಲ್ಲ. 1923ರ ಹಾಗೂ 1974ರ ನೆರೆಗಳು ಬಂಟ್ವಾಳದ ಕಡೆಯ ಮನೆಮಾತು. ನೀರು ಅಂಗಡಿಯ ಮೆಟ್ಟಿಲೇರುವ ಮುನ್ನ ಲೆಕ್ಕದ ಪುಸ್ತಕವನ್ನು ಅಟ್ಟಕ್ಕೇರಿಸಿದವನ ವ್ಯಾಪಾರವು ನೀರಿಳಿದ ಮರುದಿನವೇ ಮುಂದುವರಿಯಬಲ್ಲದೆಂಬುದು ಅಲ್ಲಿ ಯಾರೂ ಕಲಿಸಬೇಕಾಗಿಲ್ಲದ ವಿವೇಕ.

ಇಂದಿನ ಬ್ಯಾಂಕಿಗೆ ಆ ಅಟ್ಟವೇ ಕ್ಲೌಡ್. ಮೈಕ್ರೋಸಾಫ್ಟ್ 2019ರಲ್ಲಿ ದುಬೈ ಮತ್ತು ಅಬುಧಾಬಿಗಳಲ್ಲಿಯೂ, ಅಮೆಜಾನ್ 2022ರಲ್ಲಿ ಮೂರು ಪ್ರತ್ಯೇಕ ವಲಯಗಳೊಡನೆ ಈ ದೇಶದಲ್ಲಿಯೂ ತಮ್ಮ ಕೇಂದ್ರಗಳನ್ನು ತೆರೆದ ತರುವಾಯ, ಗ್ರಾಹಕರ ಮೂಲ ದಾಖಲೆಯು ದೇಶದೊಳಗೇ ಇರತಕ್ಕದ್ದೆಂಬ ಇಲ್ಲಿಯ ಕೇಂದ್ರ ಬ್ಯಾಂಕಿನ ನಿಯಮವನ್ನು ಮೀರದೆ, ಸ್ವಂತ ವೆಚ್ಚದಿಂದ ಇನ್ನೊಂದು ಕಟ್ಟಡವನ್ನು ಕಟ್ಟಿ ವರ್ಷವಿಡೀ ಅದನ್ನು ಬರಿದೇ ಕಾಯುವ ಹೊರೆಯಿಲ್ಲದೆ, ಎರಡನೆಯ ಪ್ರತಿಯನ್ನಿರಿಸುವುದು ಬ್ಯಾಂಕುಗಳಿಗೆ ಸಾಧ್ಯವಾಯಿತು. ಇದು ನಿಸ್ಸಂದೇಹವಾಗಿ ಉಪಕಾರವೇ. ಆದರೆ ದುಬೈ ಮುಳುಗಿದ ಆ ಮಳೆಯಲ್ಲಿಯೇ, ಅಬುಧಾಬಿ ಎಮಿರೇಟಿನ ಅಲ್ ಐನ್ ಸಮೀಪದ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಗಳೊಳಗೆ 254 ಮಿಲಿಮೀಟರಿಗೂ ಮಿಗಿಲಾಗಿ ಸುರಿಯಿತು. ನಗರ ಬೇರೆಯಾದ ಮಾತ್ರಕ್ಕೆ ಆಪತ್ತೂ ಬೇರೆಯಾಗಲಿಲ್ಲ.

ಅದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಪ್ರತಿಯಿರುವುದು ಒಂದು, ಆ ಪ್ರತಿಯಿಂದ ಬ್ಯಾಂಕನ್ನು ನಡೆಸಬಲ್ಲ ಅಭ್ಯಾಸವಿರುವುದು ಮತ್ತೊಂದು. ಭಾರತದಲ್ಲಿ 2020ರ ನವೆಂಬರ್ 21ರಂದು ಮೂಲ ಡೇಟಾ ಸೆಂಟರಿನಲ್ಲಿ ವಿದ್ಯುತ್ತು ಕೈಕೊಟ್ಟು ಎಚ್‌ಡಿಎಫ್‌ಸಿ ಬ್ಯಾಂಕಿನ ಇಂಟರ್ನೆಟ್ ಸೇವೆ, ಪಾವತಿ ವ್ಯವಸ್ಥೆಗಳು ಸ್ಥಗಿತಗೊಂಡುವು. ಮರುತಿಂಗಳು ರಿಸರ್ವ್ ಬ್ಯಾಂಕು ಅದರ ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡುಗಳನ್ನೂ ತಡೆಹಿಡಿಯಿತು. ಎಷ್ಟು ಹೊತ್ತಿನೊಳಗೆ ಸೇವೆ ಮರಳಬೇಕು, ಎಷ್ಟು ಹೊತ್ತಿನ ಲೆಕ್ಕ ನಷ್ಟವಾದರೆ ಸಹಿಸಬಹುದು ಎಂಬೆರಡು ಅಳತೆಗಳನ್ನು ಪ್ರತಿಯೊಂದು ಬ್ಯಾಂಕೂ ಕಾಗದದಲ್ಲಿ ಬರೆದಿಡುವುದು. ಬರೆದುದು ನಿಜವಾಗುವುದು ಡಿಆರ್ ಡ್ರಿಲ್ಲಿನಲ್ಲಿ, ಎಂದರೆ ಆಪತ್ತಿನಿಂದ ಚೇತರಿಸಿಕೊಳ್ಳುವ ತಾಲೀಮಿನಲ್ಲಿ. ಆದುದರಿಂದಲೇ 2023ರ ನವೆಂಬರಿನ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು, ಮಹತ್ವದ ವ್ಯವಸ್ಥೆಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಈ ಪರೀಕ್ಷೆ ನಡೆಯಬೇಕೆಂದೂ, ದಿನದ ಆರಂಭದಿಂದ ಮುಕ್ತಾಯದವರೆಗೆ ಒಂದು ಪೂರ್ಣ ಕೆಲಸದ ದಿನದ ವ್ಯವಹಾರವನ್ನಾದರೂ ಪರ್ಯಾಯ ಕೇಂದ್ರದಿಂದಲೇ ನಡೆಸಬೇಕೆಂದೂ ವಿಧಿಸಿತು. ರಜೆಯ ರಾತ್ರಿ ಅರ್ಧ ಗಂಟೆ ಯಂತ್ರ ಚಾಲೂ ಮಾಡಿ ನೋಡಿ ತೃಪ್ತರಾಗುವುದಕ್ಕಿಂತ ಇದು ಎಷ್ಟೋ ಮೇಲಾದ ಪದ್ಧತಿಯೆಂದು ನಾನು ನಂಬಿದ್ದೇನೆ.

ಎಮಿರೇಟ್ಸಿನ ಕಾರ್ಮಿಕನ ವೇತನವು ಇಂದು ಬಹುಮಟ್ಟಿಗೆ ಬ್ಯಾಂಕಿನ ಮುಖಾಂತರ ಬರುವುದು. ಊರಿನಲ್ಲಿರುವ ತಾಯಿಯ ಔಷಧಿಯ ಹಣವೂ, ತಂಗಿಯ ಕಾಲೇಜಿನ ಶುಲ್ಕವೂ ಅದರಿಂದಲೇ ಹೋಗುವುವು. ಅವನ ಪಾಲಿಗೆ ಒಂದು ದಿನದ ಸ್ಥಗಿತವೆಂದರೆ ಕೇವಲ ತಾಂತ್ರಿಕ ವಿಷಯವಲ್ಲ. ಓದುಗರೇ, ಮುಂದಿನ ಸಲ ನಿಮ್ಮ ಬ್ಯಾಂಕಿಗೆ ಹೋದಾಗ ವ್ಯವಸ್ಥಾಪಕರನ್ನು ವಿನಯದಿಂದಲೇ ಕೇಳಿರಿ: ಪರ್ಯಾಯ ಕೇಂದ್ರದಿಂದ ಒಂದು ಇಡೀ ದಿನದ ವ್ಯವಹಾರವನ್ನು ಕಡೆಯ ಸಲ ನಡೆಸಿದ್ದು ಯಾವ ದಿನಾಂಕದಂದು?