ಕಲಾಶಾಖೆಯವರೂ ಜನಾರೋಗ್ಯದ ವಿದ್ಯೆಯೂ

ಕಲಾಶಾಖೆಯನ್ನು ಆರಿಸಿಕೊಂಡ ಹುಡುಗಿಗೆ ಆರೋಗ್ಯದ ಕೆಲಸವು ಮುಚ್ಚಿದ ಬಾಗಿಲೆಂಬ ಭಾವನೆಯು ನಮ್ಮ ಮಚ್ಛೆಯ ಸುತ್ತಮುತ್ತಣ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಊರಿನಲ್ಲಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿರುವುದರಿಂದ, ವಿಜ್ಞಾನವನ್ನೋದಿದವಳು ಮುಂದೆ ಹೋದಳು, ಕನ್ನಡವನ್ನೋ ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಓದಿದವಳು ಹಿಂದುಳಿದಳು ಎಂದು ತಂದೆತಾಯಿಗಳು ಎಣಿಸುವುದು ಸಹಜವೇ ಸರಿ. ಆದರೂ ಈ ಎಣಿಕೆಯು ಪೂರ್ಣ ಸತ್ಯವಲ್ಲವೆಂದು ವಿನಯಪೂರ್ವಕವಾಗಿ ಹೇಳಬಯಸುತ್ತೇವೆ.

ವೈದ್ಯನು ಒಬ್ಬ ರೋಗಿಯನ್ನು ನೋಡುವನು. ಜನಾರೋಗ್ಯದ ವಿದ್ಯೆಯು ಊರನ್ನೇ ನೋಡುವುದು. ಯಾರಿಗೆ ರೋಗ ಬಂತು, ಯಾರಿಗೆ ಬರಲಿಲ್ಲ, ಏತಕ್ಕೆ ಎಂಬುದೇ ಅದರ ಪ್ರಶ್ನೆ. ಇದಕ್ಕೆ ಉದಾಹರಣೆಯು ನಮ್ಮ ಜಿಲ್ಲೆಯಲ್ಲಿಯೇ ಉಂಟು. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದವರೂ ಅಮೆರಿಕದ ವಿದ್ವಾಂಸರೂ ಕೂಡಿ 2002ರಿಂದ 2005ರ ವರೆಗೆ ಇಲ್ಲಿಯ ಹಳ್ಳಿಗಳ 1620 ಸ್ತ್ರೀಯರಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಹೆರಿಗೆಯಾದೊಡನೆ ದಾದಿಯರು ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ತೋರಿಕೆಯ ಮಾತ್ರೆಯನ್ನೂ ಕೊಟ್ಟರು. ತೋರಿಕೆಯ ಮಾತ್ರೆಯವರಲ್ಲಿ ನೂರಕ್ಕೆ 12 ಮಂದಿಗೆ ವಿಪರೀತ ರಕ್ತಸ್ರಾವವಾಯಿತು. ಔಷಧ ಪಡೆದವರಲ್ಲಿ ನೂರಕ್ಕೆ 6.4. ಅಂದರೆ 18 ಮಂದಿಗೆ ಕೊಟ್ಟಲ್ಲಿ ಒಬ್ಬಳು ಆ ಗಂಡಾಂತರದಿಂದ ಪಾರಾಗುವಳು. ಫಲಿತಾಂಶವು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಲೆಕ್ಕವು ಇಷ್ಟನ್ನು ತಿಳಿಸಿತು. ಆದರೆ ಬೇನೆ ತಿನ್ನುವಾಗ ದಾದಿಯನ್ನು ಕರೆಯಬೇಕೆಂದು ಮನೆಯಲ್ಲಿ ನಿಶ್ಚಯಿಸುವವರು ಯಾರು? ಗಂಡನೋ, ಅತ್ತೆಯೋ, ಅವಳೋ? ಕನ್ನಡ ಮರಾಠಿಗಳೆರಡೂ ನಡೆಯುವ ಖಾನಾಪುರದ ಸೀಮೆಯಲ್ಲಿ ಯಾವ ನುಡಿಯಲ್ಲಿ, ಯಾವ ಬಗೆಯಲ್ಲಿ ಕೇಳಿದರೆ ತಾಯಿಯು ನಿಜವನ್ನು ಹೇಳಿಯಾಳು? ಇವು ಭಾಷೆಯನ್ನೂ ಸಮಾಜವನ್ನೂ ಓದಿದವರ ಪ್ರಶ್ನೆಗಳು. ಜಾನ್ ಕಾಲ್ಡ್‌ವೆಲ್ ದಂಪತಿಗಳೂ ಪಿ. ಎಚ್. ರೆಡ್ಡಿಯವರೂ 1980ರ ಸುಮಾರಿಗೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಜನರೊಡನೆ ದೀರ್ಘವಾಗಿ ಮಾತನಾಡಿಯೇ ಮದುವೆಯ ವಯಸ್ಸು, ಓದು, ಮಕ್ಕಳ ಸಂಖ್ಯೆ ಇವುಗಳ ಸಂಬಂಧವನ್ನು ಶೋಧಿಸಿದರು.

ಹಾಗೆಂದು ದಾರಿಯು ಸುಲಭವೆಂದು ನಾವು ಹೇಳಲಾರೆವು. ಈ ವಿದ್ಯೆಯಿಂದ ಹುಡುಗಿಯು ಡಾಕ್ಟರಳಾಗುವುದಿಲ್ಲ. ಸಂಖ್ಯಾಶಾಸ್ತ್ರವನ್ನು ಕಲಿಯದೆ ಒಂದು ಹೆಜ್ಜೆಯೂ ಮುಂದೆ ಸಾಗದು. ಮೇಲೆ ಹೇಳಿದ 12ಕ್ಕೂ 6.4ಕ್ಕೂ ಇರುವ ಅಂತರವು ಕೇವಲ ಆಕಸ್ಮಿಕವಲ್ಲವೆಂದು ತೋರಿಸುವುದು ಆ ಶಾಸ್ತ್ರವೇ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ತರಗತಿಗಳಿಗೆ ಕೆಲವು ಸಂಸ್ಥೆಗಳು ಯಾವ ಪದವೀಧರರನ್ನಾದರೂ ಸ್ವೀಕರಿಸುವುವು, ಕೆಲವು ವೈದ್ಯಕೀಯ ಪದವಿಯನ್ನೇ ಕೇಳುವುವು. ಆದುದರಿಂದ ಪ್ರಕಟಣೆಯನ್ನು ಮೊದಲು ಓದತಕ್ಕದ್ದು. 1956ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳಗಳನ್ನು ಓದಿದವರಿಗೂ ಜನಸಂಖ್ಯಾಶಾಸ್ತ್ರವನ್ನು ಕಲಿಸುತ್ತ ಬಂದಿದೆ.

ಪದವಿ ತರಗತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಗಣಿತಕ್ಕೆ ಅಂಜಬೇಡಿರಿ. ಇಂದಿನಿಂದಲೇ ದಿನಕ್ಕೊಂದು ಗಳಿಗೆಯನ್ನು ಅದಕ್ಕೆ ಕೊಡಿರಿ. ರಜೆಯಲ್ಲಿ ನಿಮ್ಮೂರ ಆಶಾ ಕಾರ್ಯಕರ್ತೆಯೊಡನೆ ನಾಲ್ಕು ಮನೆಗಳನ್ನು ತಿರುಗಿ ನೋಡಿರಿ. ಪೋಷಕ ಮಹಾಶಯರಲ್ಲಿ ನಮ್ಮ ಬಿನ್ನಹವೊಂದೇ: ಕಲಾಶಾಖೆಯ ಮಗಳು ಇನ್ನೆರಡು ವರ್ಷ ಓದುವೆನೆಂದಾಗ, ಅವಳ ಹಿಂದಿನ ಆಯ್ಕೆಯನ್ನೇ ಕಾರಣ ಮಾಡಿ ಬೇಡವೆನ್ನಬೇಡಿರಿ. ಊರಿನ ತಾಯಂದಿರ ಮಾತನ್ನು ಅವರ ನುಡಿಯಲ್ಲಿಯೇ ಕೇಳಿ, ಅದನ್ನು ಲೆಕ್ಕದ ಮುಂದೆ ಇಡಬಲ್ಲ ಹೆಣ್ಣುಮಕ್ಕಳು ಈ ಸೀಮೆಗೆ ಅಗತ್ಯವಾಗಿ ಬೇಕಾಗಿದ್ದಾರೆ.