ನಾಯಿಯ ಗ್ರೂಮಿಂಗ್: ಬಿಲ್ಲು ಎಷ್ಟು, ಅದರಲ್ಲಿ ಬೇಕಾದ್ದು ಎಷ್ಟು?

ನಾಯಿ ಗ್ರೂಮಿಂಗ್ ಅಂದ ಕೂಡಲೇ ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಪಾರ್ಟಿ ಆಗುತ್ತದೆ. ಒಂದು ಪಾರ್ಟಿ, "ನಾಯಿಗೂ ಪಾರ್ಲರಾ ಮಾರಾಯ, ಇಲ್ಲಿ ನಮ್ಮ ಕಟಿಂಗಿಗೇ ದುಡ್ಡಿಲ್ಲ" ಎಂದು ನಗುತ್ತದೆ. ಇನ್ನೊಂದು ಪಾರ್ಟಿ ಫೋನ್ ತೆಗೆದು, ತಲೆಗೆ ರಿಬ್ಬನ್ ಕಟ್ಟಿಸಿಕೊಂಡ ನಾಯಿಯ ರೀಲ್ ತೋರಿಸಿ "ಕ್ಯೂಟ್ ಅಲ್ವಾ" ಅನ್ನುತ್ತದೆ. ಜಗಳ ಆಡುವ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿಬಿಟ್ಟಿದ್ದಾರೆ: ಗ್ರೂಮಿಂಗ್ ಎಂದರೆ ನಾಯಿಯನ್ನು ಚಂದ ಮಾಡುವುದು ಎಂದು. ನಮ್ಮ ತಕರಾರು ಇರುವುದು ಅಲ್ಲೇ.

ನಾವು ಅಂದರೆ ನಾರಾವಿ ಕಡೆಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಜೋತಾಡಿಕೊಂಡು ಮೂಡುಬಿದಿರೆಗೆ ಬರುವ ಸೆಕೆಂಡ್ ಇಯರ್‌ನ ನಾಲ್ಕು ಜನ. ನಾರಾವಿ ಗೊತ್ತಿಲ್ಲದವರಿಗೆ: ಬೆಳ್ತಂಗಡಿ ತಾಲೂಕಿನ ಒಂದು ಅಂಚು, ಆಚೆ ಕಾರ್ಕಳ, ಹಿಂದೆ ಕುದುರೆಮುಖದ ಕಾಡು. ನಾಲ್ವರ ಮನೆಯಲ್ಲೂ ಅಡಿಕೆ ತೋಟ ಉಂಟು, ನಾಲ್ವರ ಮನೆಯಲ್ಲೂ ನಾಯಿ ಉಂಟು. ಈಗೀಗ ಊರಿನ ಬೊಗ್ಗು, ಟೈಗರ್‌ಗಳ ಜೊತೆ ಲ್ಯಾಬ್ರಡಾರ್, ಶಿಹ್ ತ್ಸೂ, ಪಗ್‌ಗಳೂ ಬಂದಿವೆ. ಆದ್ದರಿಂದ ಬಸ್ಸಿನಲ್ಲಿ ಇಂಟರ್ನಲ್ಸ್ ಬಿಟ್ಟರೆ ನಮಗೆ ಹೆಚ್ಚು ಚರ್ಚೆಯಾಗುವುದು ಇದೇ ವಿಷಯ. ಆ ಚರ್ಚೆಯಲ್ಲಿ ನಾವು ತಲುಪಿದ ಅಭಿಪ್ರಾಯ ಇಷ್ಟು: ಗ್ರೂಮಿಂಗ್ ಬಿಲ್ಲಿನ ಹೆಚ್ಚಿನ ಪಾಲು ಮರಿ ಕೊಂಡ ದಿನವೇ ತೀರ್ಮಾನವಾಗಿರುತ್ತದೆ. ಉಳಿದದ್ದರಲ್ಲಿ ಸುಮಾರು ಕೆಲಸ ಮನೆಯಲ್ಲೇ ಆಗುವಂಥದ್ದು. ಕೊನೆಗೆ ಉಳಿಯುವ ಸ್ವಲ್ಪ ಕೆಲಸಕ್ಕೆ ಮಾತ್ರ ದುಡ್ಡು ಕೊಡಬೇಕು, ಅದನ್ನು ಚೌಕಾಶಿ ಮಾಡದೆ ಕೊಡಬೇಕು.

ಬಿಲ್ಲಿನ ಒಳಗೆ ಏನಿದೆ

ನಗರಗಳಲ್ಲಿ ಬರೀ ಸ್ನಾನ, ಬ್ರಷ್, ಒಣಗಿಸುವುದು ಎಂದರೆ ಸಾಮಾನ್ಯವಾಗಿ 500ರಿಂದ 1000 ರೂಪಾಯಿಯ ಆಸುಪಾಸು. ಕೂದಲು ಕಟಿಂಗ್, ಉಗುರು, ಕಿವಿ ಎಲ್ಲ ಸೇರಿದ ಫುಲ್ ಗ್ರೂಮಿಂಗ್ 1000ದಿಂದ 2500ರವರೆಗೆ ಹೋಗುತ್ತದೆ. ನಾಯಿ ದೊಡ್ಡದಾದರೆ, ಕೂದಲು ಉದ್ದ ಇದ್ದರೆ, ಗಂಟುಕಟ್ಟಿದ್ದರೆ, ಕಚ್ಚಲು ಬರುವಂಥದ್ದಾದರೆ ಇನ್ನೂ ಮೇಲೆ. ಮನೆಗೇ ಬಂದು ಮಾಡುವುದಾದರೆ ಬರುವ ಖರ್ಚು ಬೇರೆ.

"ಇಷ್ಟೊಂದಾ!" ಎನ್ನುವ ಮೊದಲು ಒಂದು ಯೋಚನೆ ಮಾಡಿ. ಗ್ರೂಮರ್ ಮಾರುವುದು ಶಾಂಪೂ ಅಲ್ಲ, ಸಮಯ. ಉದ್ದ ಕೂದಲಿನ ಒಂದು ನಾಯಿಗೆ ಎರಡು ಗಂಟೆ ಬೇಕು. ಅಷ್ಟು ಹೊತ್ತೂ ಅದು ಅಲುಗಾಡುತ್ತಿರುತ್ತದೆ, ಹೆದರಿರುತ್ತದೆ, ಕೈಯಲ್ಲಿ ಕತ್ತರಿ ಇರುತ್ತದೆ. ಅಡಿಕೆ ಮರ ಹತ್ತಿ ಮದ್ದು ಬಿಡುವವರ ಹತ್ತಿರ ನಮ್ಮ ಊರಿನಲ್ಲಿ ಯಾರೂ ಚೌಕಾಶಿ ಮಾಡುವುದಿಲ್ಲ. ಯಾಕೆಂದರೆ ಆ ಕೆಲಸ ನಮಗೆ ಬರುವುದಿಲ್ಲ, ಅದರಲ್ಲಿ ಅಪಾಯ ಉಂಟು ಎಂದು ಎಲ್ಲರಿಗೂ ಗೊತ್ತು. ಇಲ್ಲಿಯೂ ಹಾಗೆಯೇ. ರೇಟು ಜಾಸ್ತಿಯಾ ಕಡಿಮೆಯಾ ಎನ್ನುವುದಕ್ಕಿಂತ, ನಮ್ಮ ನಾಯಿಗೆ ಆ ಎರಡು ಗಂಟೆ ಎಷ್ಟು ಸಲ ಬೇಕು ಎನ್ನುವುದು ಸರಿಯಾದ ಪ್ರಶ್ನೆ.

ಈಗ ಲೆಕ್ಕ ಹಾಕುವ. ಶಿಹ್ ತ್ಸೂ, ಪೂಡಲ್ ಥರದ ನಾಯಿಗಳ ಕೂದಲು ಮನುಷ್ಯರ ತಲೆಕೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಆರು ವಾರಕ್ಕೊಮ್ಮೆ ಕಟಿಂಗ್ ಅಂದರೂ ವರ್ಷಕ್ಕೆ ಎಂಟು ಸಲ. ಒಂದು ಸಲಕ್ಕೆ 1500 ಎಂದಿಟ್ಟುಕೊಂಡರೆ 12,000. ನಮ್ಮ ಪೇಟೆಯಲ್ಲಿ ನಾಯಿಗೆ ಕಟಿಂಗ್ ಮಾಡುವ ಅಂಗಡಿ ನಾವು ಕಂಡಿಲ್ಲ, ಮಂಗಳೂರಿಗೇ ಹೋಗಬೇಕು ಅಂದರೆ ಹೋಗಿ ಬರಲು 100 ಕಿಲೋಮೀಟರಿಗಿಂತ ಹೆಚ್ಚು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ ಸುಮಾರು 700 ರೂಪಾಯಿಯ ಪೆಟ್ರೋಲ್. ಎಂಟು ಸಲಕ್ಕೆ 5,600. ಒಟ್ಟು ವರ್ಷಕ್ಕೆ 17,600. ನಾಯಿ ಹನ್ನೆರಡು ವರ್ಷ ಬದುಕಿದರೆ ಎರಡು ಲಕ್ಷ ದಾಟುತ್ತದೆ. ಬಸ್ಸಿನಲ್ಲಿ ಹೋಗಬಹುದಲ್ಲ ಎನ್ನುವವರು ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಬಸ್ಸನ್ನು ಒಮ್ಮೆ ಬಂದು ನೋಡಬೇಕು.

ಮರಿ ಕೊಳ್ಳುವಾಗ ಎಲ್ಲರೂ ಮರಿಯ ರೇಟು ಕೇಳುತ್ತಾರೆ. ಈ ಎರಡು ಲಕ್ಷವನ್ನು ಯಾರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ.

ಕೂದಲು ನೋಡಿ ನಾಯಿ ತನ್ನಿ

ನಾವು ಶಿಹ್ ತ್ಸೂ ಬೇಡ ಅಂತ ಹೇಳುತ್ತಿಲ್ಲ. ಆದರೆ ಕರಾವಳಿಯ ಸೆಕೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಉದ್ದ ಕೂದಲಿನ ನಾಯಿ ಎಂದರೆ ದಿನನಿತ್ಯದ ಕೆಲಸ. ಒದ್ದೆ ಕೂದಲು ಬಾಚದೆ ಬಿಟ್ಟರೆ ಗಂಟಾಗುತ್ತದೆ. ಗಂಟಿನ ಒಳಗೆ ಗಾಳಿ ಆಡುವುದಿಲ್ಲ, ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ, ಹುಣ್ಣಾಗುತ್ತದೆ. ಮೇಲಿಂದ ನೋಡುವವರಿಗೆ ಅದು ಬರೀ ದಪ್ಪ ಕೂದಲಿನ ಹಾಗೆ ಕಾಣುತ್ತದೆ.

ನಮ್ಮ ಊರಿನ ಒಂದು ಮನೆಯಲ್ಲಿ ಹೀಗೇ ಆಯಿತು. ಮಗ ಕೆಲಸ ಸಿಕ್ಕಿದ ಖುಷಿಯಲ್ಲಿ ಮರಿ ತಂದ, ಆರು ತಿಂಗಳಿಗೆ ಅವನಿಗೆ ಬೆಂಗಳೂರು ಆಯಿತು. ಬಾಡಿಗೆ ಮನೆಯಲ್ಲಿ ನಾಯಿಗೆ ಪರ್ಮಿಷನ್ ಇಲ್ಲ. ನಾಯಿ ಊರಿನಲ್ಲೇ ಉಳಿಯಿತು. ಆ ಅಮ್ಮನಿಗೆ ದನ, ತೋಟ, ಅಡುಗೆ ಎಲ್ಲ ಮುಗಿಸಿ ಅರ್ಧ ಗಂಟೆ ನಾಯಿಯ ತಲೆ ಬಾಚಲು ಎಲ್ಲಿಂದ ಪುರುಸೊತ್ತು? ಮಳೆಗಾಲ ಮುಗಿಯುವಾಗ ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಚಾಪೆಯ ಹಾಗೆ ಆಗಿತ್ತು. ಕೊನೆಗೆ ಪೂರ್ತಿ ಬೋಳಿಸಬೇಕಾಯಿತು. ಅಮ್ಮನ ತಪ್ಪು ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ನಾಯಿಯದ್ದಂತೂ ಅಲ್ಲವೇ ಅಲ್ಲ.

777 ಚಾರ್ಲಿ ನೋಡಿ ಥಿಯೇಟರಿನಲ್ಲಿ ಅತ್ತವರು ನಮ್ಮಲ್ಲಿ ಎಷ್ಟು ಜನ ಇಲ್ಲ? 2022ರ ಆ ಸಿನಿಮಾದ ಚಾರ್ಲಿ ಲ್ಯಾಬ್ರಡಾರ್. ಲ್ಯಾಬ್‌ಗೆ ಕಟಿಂಗ್ ಬೇಡ, ವಾರಕ್ಕೆ ಎರಡು ಸಲ ಬ್ರಷ್ ಸಾಕು. ಕೂದಲು ಮನೆಯೆಲ್ಲ ಉದುರುತ್ತದೆ, ಅದಕ್ಕೆ ಪೊರಕೆಯೇ ಗತಿ. "ಸೆಕೆ ಉಂಟು, ಬೋಳಿಸಿಬಿಡುವ" ಎಂದು ಲ್ಯಾಬ್, ಜರ್ಮನ್ ಶೆಫರ್ಡ್, ಹಸ್ಕಿಗಳನ್ನು ಬೋಳಿಸುವವರು ಇದ್ದಾರೆ. ಅದಕ್ಕೆ ದುಡ್ಡು ಕೊಡುವುದು ಶುದ್ಧ ದಂಡ. ಎರಡು ಪದರದ ಆ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದ ಮೇಲೆ ಕೆಲವೊಮ್ಮೆ ಸರಿಯಾಗಿ ಬೆಳೆಯುವುದೂ ಇಲ್ಲ. ನಾಯಿ ತಣ್ಣಗಾಗುವುದು ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಟ್ಟು. ಅದಕ್ಕೆ ನೆರಳು, ನೀರು ಕೊಡಿ, ಕತ್ತರಿ ಬೇಡ.

ನಮ್ಮದೇ ಮುಧೋಳ ನಾಯಿಯನ್ನೂ ನೆನೆಯಬೇಕು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪ್ ತಂದಿತ್ತು. ಗಿಡ್ಡ ಕೂದಲು, ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಓಡಲು ಜಾಗ ಮಾತ್ರ ಬೇಕು. ಇನ್ನು ಊರಿನ ಬೊಗ್ಗುವಿಗೆ ಪಾರ್ಲರ್ ಖರ್ಚು ಸೊನ್ನೆ. ಅದಕ್ಕೆ ಗ್ರೂಮಿಂಗೇ ಬೇಡ ಎಂದು ಮಾತ್ರ ಯಾರೂ ತಿಳಿಯಬಾರದು, ಯಾಕೆ ಎಂದು ಮುಂದೆ ಹೇಳುತ್ತೇವೆ.

ಉಣುಗು ಎಂಬ ಅಸಲಿ ಖರ್ಚು

ನಮ್ಮ ಕಡೆ ನಾಯಿಯ ದೊಡ್ಡ ಶತ್ರು ಉಣುಗು, ಅಂದರೆ ಉಣ್ಣೆ. ತೋಟ, ಹುಲ್ಲು, ದನದ ಕೊಟ್ಟಿಗೆ, ನಾಯಿಯ ಗೂಡಿನ ಗೋಡೆಯ ಬಿರುಕು, ಎಲ್ಲ ಕಡೆ ಇರುತ್ತದೆ. ರಕ್ತ ಕುಡಿದು ಊದಿದ ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಬರುವ ಟಿಕ್ ಫೀವರ್ ಇದರಿಂದಲೇ. ಊಟ ಬಿಡುತ್ತದೆ, ಜ್ವರ, ಒಸಡು ಬಿಳಿಚುತ್ತದೆ. ರಕ್ತ ಪರೀಕ್ಷೆ, ವಾರಗಟ್ಟಲೆ ಮದ್ದು, ಕೆಲವೊಮ್ಮೆ ನಾಯಿ ಉಳಿಯುವುದೂ ಇಲ್ಲ. ಉಣುಗು ಎಂದರೆ ಊರಿನ ಹಿರಿಯರಿಗೆ ಬೇರೆ ಭಯವೂ ಇದೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 1980ರ ದಶಕದಲ್ಲಿ ಬೆಳ್ತಂಗಡಿ ಕಡೆಗೂ ಬಂದಿತ್ತು. ಅದು ಹರಡುವುದು ಕಾಡಿನ ಬೇರೆ ಜಾತಿಯ ಉಣುಗಿನಿಂದ. ಆದರೂ ಉಣುಗನ್ನು ಸಣ್ಣ ವಿಷಯ ಎಂದು ಬಿಡಬಾರದು ಎನ್ನುವ ಅವರ ಮಾತು ಸರಿ.

ಪಾರ್ಲರಿನ "ಆಂಟಿ ಟಿಕ್ ಬಾತ್"ಗೆ ಹೆಚ್ಚು ದುಡ್ಡು ಕೊಟ್ಟು ನಿಶ್ಚಿಂತೆಯಿಂದ ಇರುವವರಿಗೆ ಒಂದು ಮಾತು. ಆ ಸ್ನಾನ ಅವತ್ತು ಮೈಮೇಲಿದ್ದ ಉಣುಗನ್ನು ಕಡಿಮೆ ಮಾಡಬಹುದು, ಆದರೆ ನಾಯಿ ಮನೆಗೆ ಬಂದು ಅದೇ ಗೂಡಿನಲ್ಲಿ ಮಲಗಿದರೆ ಮತ್ತೆ ಶುರು. ಅದೇ ದುಡ್ಡಿಗೆ ಪಶುವೈದ್ಯರ ಹತ್ತಿರ ಕೇಳಿ ನಾಯಿಯ ತೂಕಕ್ಕೆ ಸರಿಯಾದ ಉಣುಗಿನ ಮದ್ದು ತನ್ನಿ, ಗೂಡು ತೊಳೆಯಿರಿ, ದಿನಾ ಐದು ನಿಮಿಷ ಕಿವಿಯ ಒಳಗೆ, ಬೆರಳ ಸಂದಿನಲ್ಲಿ, ಕುತ್ತಿಗೆಯ ಪಟ್ಟಿಯ ಕೆಳಗೆ ಕೈಯಾಡಿಸಿ. ಸಿಕ್ಕಿದರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ತೋಟಕ್ಕೆ ಹೊಡೆಯುವ ಮದ್ದನ್ನು ನಾಯಿಯ ಮೇಲೆ ಹಾಕಲೇಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ನಾಯಿಯ ಮದ್ದು ಬೆಕ್ಕಿಗೆ ತಾಗದ ಹಾಗೆ ನೋಡಿಕೊಳ್ಳಿ, ಪರ್ಮೆತ್ರಿನ್ ಇರುವ ಮದ್ದು ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ಬೊಗ್ಗುವಿಗೂ ಗ್ರೂಮಿಂಗ್ ಬೇಕು ಎಂದದ್ದು ಇದಕ್ಕೇ.

ಕೊಳೆರೋಗ ಬಂದ ಮೇಲೆ ಒದ್ದಾಡುವ ಬದಲು ಮಳೆಗೆ ಮೊದಲೇ ಬೋರ್ಡೋ ಬಿಡುವವರು ನಾವು. ನಾಯಿಯ ವಿಷಯದಲ್ಲಿ ಮಾತ್ರ ಆ ಬುದ್ಧಿ ಯಾಕೆ ಮರೆತುಹೋಗುತ್ತದೆ? ಲ್ಯಾಬ್ ವೈವಾದಲ್ಲಿ ಪ್ರಿವೆಂಟಿವ್ ಮೇಂಟೆನೆನ್ಸ್ ಅಂದರೇನು ಎಂದು ಕೇಳಿದರೆ ಎಲ್ಲರೂ ಹೇಳುತ್ತೇವಲ್ಲ.

ಮನೆಯಲ್ಲಿ ಎಷ್ಟು, ಹೊರಗೆ ಎಷ್ಟು

ಒಂದು ಬ್ರಷ್, ಸ್ಟೀಲಿನ ಬಾಚಣಿಗೆ, ನಾಯಿಯ ಉಗುರು ಕಟರ್, ನಾಯಿಯದ್ದೇ ಶಾಂಪೂ, ಒಂದು ಹಳೆ ಬೈರಾಸು. ದುಬಾರಿ ಬ್ರಾಂಡಿಗೆ ಹೋಗದಿದ್ದರೆ ಸುಮಾರು 1000 ರೂಪಾಯಿಯೊಳಗೆ ಎಲ್ಲ ಆಗುತ್ತದೆ, ಶಾಂಪೂ ಬಿಟ್ಟು ಉಳಿದದ್ದು ವರ್ಷಗಟ್ಟಲೆ ಬರುತ್ತದೆ. ನಮ್ಮ ಸೋಪು, ನಮ್ಮ ಶಾಂಪೂ ಬೇಡ. ಮನುಷ್ಯರ ಚರ್ಮಕ್ಕಿಂತ ನಾಯಿಯ ಚರ್ಮದ ಪಿಎಚ್ ಹೆಚ್ಚು, ಅದಕ್ಕೆ ನಮ್ಮದು ಹೊಂದುವುದಿಲ್ಲ. ವಾರ ವಾರ ಸ್ನಾನವೂ ಬೇಡ, ಕೊಳೆಯಾದರೆ ಅಥವಾ ತಿಂಗಳಿಗೊಮ್ಮೆ ಸಾಕು. ಸ್ನಾನಕ್ಕಿಂತ ಮೊದಲು ಬಾಚಬೇಕು, ಗಂಟಿನ ಮೇಲೆ ನೀರು ಬಿದ್ದರೆ ಅದು ಇನ್ನೂ ಬಿಗಿಯಾಗುತ್ತದೆ. ಆಮೇಲೆ ಕಿವಿ ಒರೆಸಿ, ಬುಡದ ತನಕ ಒಣಗಿಸಿ. ನಮ್ಮ ಕೆಂಪುಕಲ್ಲಿನ ಅಂಗಳದಲ್ಲಿ ಓಡುವ ನಾಯಿಯ ಉಗುರು ತಾನೇ ಸವೆಯುತ್ತದೆ. ಆದರೆ ಕಾಲಿನ ಒಳಬದಿಯ ಹೆಬ್ಬೆರಳಿನ ಉಗುರು ನೆಲಕ್ಕೆ ತಾಗುವುದಿಲ್ಲ, ಅದು ಬಾಗಿ ಚರ್ಮಕ್ಕೇ ಚುಚ್ಚಬಹುದು. ಅದನ್ನು ನೋಡುತ್ತಿರಿ.

ದುಡ್ಡು ಕೊಡಬೇಕಾದ ಕೆಲಸ ಯಾವುದು? ಉದ್ದ ಕೂದಲಿನ ಕಟಿಂಗ್, ಬಾಚಿದರೆ ಬಿಡದ ಗಂಟು, ಕಪ್ಪು ಉಗುರು. ಕಪ್ಪು ಉಗುರಿನ ಒಳಗೆ ರಕ್ತನಾಳ ಎಲ್ಲಿದೆ ಎಂದು ಕಾಣುವುದಿಲ್ಲ, ಮೊದಲ ಸಲ ತಿಳಿದವರ ಕೈಯಲ್ಲಿ ಕತ್ತರಿಸಿ ನೋಡಿ ಕಲಿಯುವುದು ಒಳ್ಳೆಯದು. ಕಿವಿಯಲ್ಲಿ ವಾಸನೆ, ಚರ್ಮದಲ್ಲಿ ಗಾಯ, ಗಡ್ಡೆ ಕಂಡರೆ ಅದು ಗ್ರೂಮರ್‌ನ ಕೆಲಸ ಅಲ್ಲ, ಡಾಕ್ಟರಿನ ಕೆಲಸ.

ಒಳ್ಳೆಯ ಗ್ರೂಮರ್ ಯಾರು ಎಂದು ತಿಳಿಯಲು ರೇಟಿಂಗ್ ನೋಡುವುದಕ್ಕಿಂತ ಅವರು ನಮಗೆ ಏನು ಕೇಳುತ್ತಾರೆ ನೋಡಿ. ರೇಬೀಸ್ ವ್ಯಾಕ್ಸಿನ್ ಆಗಿದೆಯಾ, ವಯಸ್ಸು ಎಷ್ಟು, ಏನಾದರೂ ಕಾಯಿಲೆ ಉಂಟಾ ಎಂದು ಕೇಳದೆ ಸೀದಾ ಟೈಮ್ ಕೊಡುವವರು ಬೇರೆ ನಾಯಿಗಳಿಗೂ ಹಾಗೆಯೇ ಕೊಟ್ಟಿರುತ್ತಾರೆ. ನಾವು ಕೇಳಬೇಕಾದದ್ದು ಇಷ್ಟು: ಪ್ಯಾಕೇಜಿನಲ್ಲಿ ಏನೆಲ್ಲ ಸೇರಿದೆ, ಗಂಟಿಗೆ ಎಕ್ಸ್‌ಟ್ರಾ ಎಷ್ಟು, ಕೈಯಲ್ಲಿ ಒಣಗಿಸುತ್ತೀರಾ ಅಥವಾ ಗೂಡಿನಲ್ಲಿ ಹಾಕಿ ಬಿಸಿಗಾಳಿ ಬಿಡುತ್ತೀರಾ, ನಾವು ನಿಂತು ನೋಡಬಹುದಾ. ಪಗ್, ಶಿಹ್ ತ್ಸೂ ಥರದ ಚಪ್ಪಟೆ ಮೂಗಿನ ನಾಯಿಗೆ ಮುಚ್ಚಿದ ಗೂಡಿನ ಬಿಸಿಗಾಳಿ ಅಪಾಯ. ಸುಮ್ಮನೆ ಕೂರಲು ಮಾತ್ರೆ ಕೊಡುತ್ತೇವೆ ಎಂದರೆ ನಾಯಿಯನ್ನು ಎತ್ತಿಕೊಂಡು ವಾಪಸ್ ಬನ್ನಿ, ಅದನ್ನು ಕೊಡಬೇಕಾದವರು ಪಶುವೈದ್ಯರು ಮಾತ್ರ. ನೇಲ್ ಪಾಲಿಶ್, ಪರ್ಫ್ಯೂಮ್, ಕೂದಲಿಗೆ ಬಣ್ಣ, ಇವಕ್ಕೆಲ್ಲ ಬೇಡ ಎಂದರೆ ಬಿಲ್ಲು ಅಲ್ಲಿಗೇ ಇಳಿಯುತ್ತದೆ.

ಊರಿಗೊಬ್ಬರು ಸಾಕು

ಐದು ಮನೆಯವರು ಸೇರಿ ಒಂದೇ ದಿನ ಗ್ರೂಮರ್‌ನ್ನು ಊರಿಗೆ ಕರೆಸಿದರೆ ಬರುವ ಖರ್ಚು ಐದು ಪಾಲಾಗುತ್ತದೆ. ಇದಕ್ಕೆ ಒಂದು ವಾಟ್ಸಾಪ್ ಗ್ರೂಪ್ ಸಾಕು. ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬಹುದು. ನಮ್ಮದೇ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಯುವಜನರಿಗೆ ಸ್ವಉದ್ಯೋಗದ ತರಬೇತಿ ಕೊಡುತ್ತಾ ಬಂದಿದೆ. ಬ್ಯೂಟಿ ಪಾರ್ಲರ್, ಟೈಲರಿಂಗ್ ಥರದ ತರಬೇತಿಗಳ ಸಾಲಿನಲ್ಲಿ ನಾಯಿ ಗ್ರೂಮಿಂಗೂ ಬಂದರೆ ಹೇಗೆ? ಒಂದು ಸ್ಕೂಟರ್, ಒಂದು ಟ್ರಿಮ್ಮರ್ ಇದ್ದವರು ನಾರಾವಿ, ವೇಣೂರು, ಅಳದಂಗಡಿ, ಹೊಸ್ಮಾರು, ಬಜಗೋಳಿ ಸುತ್ತಿದರೂ ಕೈತುಂಬ ಕೆಲಸ ಸಿಗಬಹುದು ಎಂದು ನಮ್ಮ ಅಂದಾಜು. ನಮಗೆ 700 ರೂಪಾಯಿಯ ಪೆಟ್ರೋಲ್ ಉಳಿಯುತ್ತದೆ, ಊರಿನಲ್ಲಿ ಒಬ್ಬರಿಗೆ ಸಂಪಾದನೆಯಾಗುತ್ತದೆ.

"ಪ್ಲೇಸ್‌ಮೆಂಟ್ ಆದ ಕೂಡಲೇ ಮೊದಲ ಸಂಬಳದಲ್ಲಿ ಒಂದು ಮರಿ ತರುತ್ತೇನೆ" ಎನ್ನುವವರು ನಮ್ಮ ಕ್ಲಾಸಿನಲ್ಲೇ ಎಷ್ಟೋ ಜನ ಇದ್ದಾರೆ. ತನ್ನಿ, ಸಂತೋಷ. ತರುವ ಮೊದಲು ಮನೆಗೆ ಒಂದು ಫೋನ್ ಮಾಡಿ, ನಾವು ಬೆಂಗಳೂರಿಗೆ ಹೋದ ಮೇಲೆ ಇದನ್ನು ಬಾಚುವವರು ಯಾರು ಎಂದು ಕೇಳಿ. ಅಮ್ಮ ಸ್ವಲ್ಪ ಹೊತ್ತು ಮಾತಾಡದಿದ್ದರೆ, ಗಿಡ್ಡ ಕೂದಲಿನದ್ದನ್ನು ಆರಿಸಿ.