ಕುರ್ಚಿ ಟೊರಾಂಟೋದಲ್ಲಿ, ಸಂಬಳ ಅಮೆರಿಕದಿಂದ

ನನ್ನ ಬಿ.ಎಸ್ಸಿ. ಸಹಪಾಠಿಯೊಬ್ಬ ಕೆನಡಾದ ಟೊರಾಂಟೋದಲ್ಲಿ ನೆಲೆಸಿದ್ದಾನೆ. ಮೊದಲು ಅಮೆರಿಕದಲ್ಲಿದ್ದ, ಮಗ ಹುಟ್ಟಿದ್ದು ಅಲ್ಲೇ. ಹುಡುಗನಿಗೆ ಹುಟ್ಟಿನಿಂದ ಅಮೆರಿಕದ ಪೌರತ್ವ. ಆಮೇಲೆ ಅಪ್ಪ ಅಮ್ಮನ ಜೊತೆ ಕೆನಡಾದ್ದೂ ಸಿಕ್ಕಿತು. ಈಗ ಅವನು ಟೊರಾಂಟೋದ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಅಮೆರಿಕದ ಕಂಪನಿಯೊಂದಕ್ಕೆ ದುಡಿಯುತ್ತಾನೆ. ಕೆಲಸಕ್ಕೆ ಸೇರುವಾಗ ನ್ಯೂಜೆರ್ಸಿಯಲ್ಲಿರುವ ಸೋದರತ್ತೆಯ ಮನೆಯ ವಿಳಾಸ ಕೊಟ್ಟಿದ್ದ. ಕಂಪನಿ ಅಮೆರಿಕದ ತೆರಿಗೆ ಹಿಡಿದುಕೊಂಡೇ ಸಂಬಳ ಕೊಡುತ್ತಿತ್ತು. ತೆರಿಗೆ ಕಟ್ಟಾಯಿತಲ್ಲ ಎಂದು ಹುಡುಗ ಎರಡು ವರ್ಷ ನಿಶ್ಚಿಂತೆಯಿಂದಿದ್ದ. ಕೆನಡಾಕ್ಕೆ ಲೆಕ್ಕವನ್ನೇ ಒಪ್ಪಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದ ಸಹಪಾಠಿ, “ಅಲ್ಲವೋ, ಒಂದೇ ಸಂಬಳಕ್ಕೆ ಇಬ್ಬರಿಗೂ ಕಪ್ಪ ಕಟ್ಟಬೇಕೇನೋ?” ಎಂದು ತಲೆ ಮೇಲೆ ಕೈಹೊತ್ತು ಕುಳಿತ.

ಭೌತಶಾಸ್ತ್ರದಲ್ಲಿ ಕೆಲಸವೆಂದರೆ ಬಲ ಮತ್ತು ಸ್ಥಾನಪಲ್ಲಟದ ಗುಣಲಬ್ಧ ಎಂದು ಓದಿದ್ದೀರಿ. ಪೆಟ್ಟಿಗೆ ತಳ್ಳಿದವನಿಗೆ ಕೂಲಿ ಕೊಟ್ಟವರು ಯಾರೆಂದು ಆ ಸೂತ್ರ ಕೇಳುವುದಿಲ್ಲ. ಸಂಬಳದ ತೆರಿಗೆಯಲ್ಲೂ ಮೊದಲ ಪ್ರಶ್ನೆ ಇದೇ: ಕೆಲಸ ನಡೆದದ್ದು ಎಲ್ಲಿ? ಕುರ್ಚಿ ಟೊರಾಂಟೋದಲ್ಲಿದೆ, ಹಾಗಾಗಿ ಮೊದಲ ಹಕ್ಕು ಕೆನಡಾದ್ದು. ತನ್ನಲ್ಲಿ ವಾಸವಿರುವವರು ಜಗತ್ತಿನ ಯಾವ ಮೂಲೆಯಿಂದ ಗಳಿಸಿದರೂ ಆ ದೇಶ ಲೆಕ್ಕ ಕೇಳುತ್ತದೆ.

ಅಮೆರಿಕದ ರೀತಿ ಬೇರೆ. ಎಲ್ಲೇ ಇರಲಿ, ತನ್ನ ಪ್ರಜೆ ಲೆಕ್ಕ ಒಪ್ಪಿಸಲೇಬೇಕು. ಮೆಕ್ಸಿಕೋದಲ್ಲಿ ನೆಲೆಸಿದ್ದ ಅಮೆರಿಕನ್ ಒಬ್ಬ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿ 1924ರಲ್ಲಿ ಸೋತ. ಬ್ರಿಟನ್ನಿನ ಬೋರಿಸ್ ಜಾನ್ಸನ್ ಗೊತ್ತಲ್ಲ? ನ್ಯೂಯಾರ್ಕಿನಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ, ಲಂಡನ್ನಿನ ಮನೆ ಮಾರಿದ ಲಾಭಕ್ಕೆ ಅಮೆರಿಕ ಅವರಿಂದಲೂ ತೆರಿಗೆ ಕೇಳಿತು. ಮೊದಲು ಕೂಗಾಡಿದರು, ಆಮೇಲೆ ಕಟ್ಟಿದರು.

ಎರಡು ಕಡೆ ಲೆಕ್ಕ ಕೊಡಬೇಕೆಂದರೆ ಎರಡು ಕಡೆ ಪೂರ್ತಿ ಹಣ ಕಟ್ಟಬೇಕೆಂದಲ್ಲ. ಉದಾಹರಣೆಗೆ, ಒಂದೇ ಸಂಬಳಕ್ಕೆ ಕೆನಡಾದ ತೆರಿಗೆ 25, ಅಮೆರಿಕದ್ದು 18 ಎನ್ನಿ. ಕೆನಡಾಕ್ಕೆ 25 ಕಟ್ಟಿ ಆ ರಶೀದಿ ತೋರಿಸಿದರೆ, ಅಮೆರಿಕ ತನ್ನ 18ನ್ನು ಬಿಡುತ್ತದೆ. ತಿರುಗುಮುರುಗಾದರೆ ನಡೆಯದು. ಪೌರತ್ವದ ಕಾರಣಕ್ಕೆ ಮಾತ್ರ ಅಮೆರಿಕ ಹಾಕಿದ ತೆರಿಗೆಯನ್ನು ಕೆನಡಾ ವಜಾ ಮಾಡಿಕೊಳ್ಳುವುದಿಲ್ಲ. ನಮ್ಮ ಹುಡುಗ ಮಾಡಿದ್ದು ತಿರುಗುಮುರುಗು. ಈಗ ಕೆನಡಾಕ್ಕೆ ಬಾಕಿ, ಅದರ ಮೇಲೆ ತಡಮಾಡಿದ್ದಕ್ಕೆ ಶೇ. 5 ದಂಡ, ತಿಂಗಳಿಗೆ ಇನ್ನೊಂದು ಶೇಕಡಾದಂತೆ 12 ತಿಂಗಳವರೆಗೆ, ಜೊತೆಗೆ ಬಡ್ಡಿ. ಅಮೆರಿಕಕ್ಕೆ ತಿದ್ದಿದ ಲೆಕ್ಕ ಕೊಟ್ಟು ಹಣ ವಾಪಸು ಕೇಳುವುದು ಆಮೇಲಿನ ಮಾತು.

ಇನ್ನೂ ಒಂದು. ಕೆನಡಾದ ಬ್ಯಾಂಕುಗಳಲ್ಲಿ ಅವನ ಒಟ್ಟು ಹಣ ವರ್ಷದಲ್ಲಿ ಒಂದು ದಿನ 10,000 ಡಾಲರ್ ಮೀರಿದರೂ ಅಮೆರಿಕಕ್ಕೆ ತಿಳಿಸಬೇಕು. ಅದಕ್ಕೆ ತೆರಿಗೆಯಿಲ್ಲ, ಆದರೆ ತಿಳಿಸದಿದ್ದರೆ ದಂಡ ಬಲು ಭಾರಿ.

ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಓಸಿಐ ಕಾರ್ಡು ಪೌರತ್ವವಲ್ಲ. ಆದರೆ ಅಮೆರಿಕದಲ್ಲಿ ಹುಟ್ಟಿ, ಈಗ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಅಲ್ಲಿನ ಕಂಪನಿಗೆ ದುಡಿಯುವ ಮಕ್ಕಳ ಪಾಲಕರು ಗಮನಿಸಿ. ಇಲ್ಲಿ ಕುಳಿತು ಮಾಡಿದ ಕೆಲಸದ ಸಂಬಳಕ್ಕೆ ಇಲ್ಲಿ ತೆರಿಗೆ ಉಂಟು. ಅಮೆರಿಕದ ಪಾಸ್‌ಪೋರ್ಟ್ ಇರುವವರೆಗೆ ಅಲ್ಲಿಗೂ ವರ್ಷಾವರ್ಷ ಲೆಕ್ಕ ಕೊಡಬೇಕು. ಎರಡೂ ದೇಶದ ಕಾನೂನು ಬಲ್ಲ ಲೆಕ್ಕಪರಿಶೋಧಕರನ್ನು ಮೊದಲ ಸಂಬಳ ಬರುವ ಮುಂಚೆಯೇ ಕಾಣುವುದು ಮೇಲು.

ಸೋದರತ್ತೆಯ ವಿಳಾಸವನ್ನು ಹುಡುಗ ಕಂಪನಿಯ ದಾಖಲೆಯಿಂದ ತೆಗೆಸಿದ್ದಾನಂತೆ. ಅಮೆರಿಕದಿಂದ ಬರಬೇಕಾದ ಹಣ ಇನ್ನೂ ಬಂದಿಲ್ಲ.